ಚಳಿಗಾಲದ ಕಡಲಿಗೆ ಇಳಿಯುವ ಮುನ್ನ: ಮುನ್ಸೂಚನೆ ಓದುವ ಬಗೆ

ಡಿಸೆಂಬರ್ ತಿಂಗಳ ಬೆಳಗಿನ ಆರು ಗಂಟೆಗೆ ನದಿ ಕಡಲನ್ನು ಸೇರುವ ಗಂಗೊಳ್ಳಿ ಅಳಿವೆಯ ಕಲ್ಲಿನ ತಡೆಗೋಡೆಯ ಮೇಲೆ ನಿಂತರೆ ಬೆನ್ನಿಗೆ ಮೂಡುಗಾಳಿ ತಾಗುತ್ತದೆ. ಊರಿನ ಒಲೆಗಳ ಹೊಗೆ ಎದ್ದು ಕಡಲಿನತ್ತ ಬಾಗುತ್ತದೆ. ದಡದ ಹತ್ತಿರದ ನೀರು ಎಣ್ಣೆ ಸವರಿದಂತೆ ನುಣ್ಣಗಿರುತ್ತದೆ, ಆಕಾಶದಲ್ಲಿ ಹುಡುಕಿದರೂ ಮೋಡ ಸಿಗುವುದಿಲ್ಲ. ನಾನು ಮುನ್ಸೂಚನೆಯನ್ನು ಎರಡೆರಡು ಸಲ ಓದುವುದು ಇಂಥ ದಿನವೇ.

ಮಳೆಗಾಲದಲ್ಲಿ ಕಡಲು ತಾನೇ ಕೂಗಿ ಹೇಳುತ್ತದೆ. ರಾತ್ರಿ ಮಲಗಿದಲ್ಲಿಗೇ ಅದರ ಮೊರೆತ ಕೇಳುತ್ತದೆ; ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವೂ ಇರುತ್ತದೆ. ಚಳಿಗಾಲದ ಅಪಾಯ ಹುಟ್ಟುವುದು ಬೇರೆಲ್ಲೋ. ಶ್ರೀಲಂಕಾದ ಮಗ್ಗುಲಲ್ಲಿ, ಅರಬ್ ನಾಡಿನ ಮರಳುಗಾಡಿನಲ್ಲಿ, ಕೆಲವೊಮ್ಮೆ ದಕ್ಷಿಣ ಧ್ರುವದ ಹತ್ತಿರದ ಸಾಗರದಲ್ಲಿ. ನಮ್ಮ ತಲೆಯ ಮೇಲಿನ ಆಕಾಶಕ್ಕೆ ಅದರ ಸುಳಿವೇ ಇರುವುದಿಲ್ಲ. ನಾಡದೋಣಿಯಲ್ಲಿ ಹೋಗುವವರು, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು, ಅಂಗಳದಲ್ಲಿ ಮೀನು ಒಣಗಿಸುವ ಹೆಂಗಸರು ಎಲ್ಲರೂ ಬಳಸಬಹುದಾದ ಒಂದು ಓದುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಯಾರಿಗಾಗಿ ಬರೆದ ಮುನ್ಸೂಚನೆ ಎಂದು ನೋಡಿ

ಬಹಳ ಜನ ಎಡವುವುದು ಇಲ್ಲಿಯೇ. ಟಿವಿಯಲ್ಲಿ, ಪತ್ರಿಕೆಯಲ್ಲಿ ಕಾಣುವ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಜಿಲ್ಲೆಯ ನೆಲಕ್ಕೆ ಸಂಬಂಧಿಸಿದವು. ಉಡುಪಿ ಜಿಲ್ಲೆ ಹಸಿರಾಗಿದ್ದ ದಿನವೇ ಕರಾವಳಿಯ ಮುಂದಿನ ಸಮುದ್ರಕ್ಕೆ ಮೀನುಗಾರರ ಎಚ್ಚರಿಕೆ ಇರಬಹುದು. ನೆಲದ ಮೇಲೆ ಮಳೆಯಿಲ್ಲ, ಗಾಳಿಯಿಲ್ಲ, ಹಾಗಾಗಿ ಹಸಿರು. ಅಷ್ಟೇ ಅದರ ಅರ್ಥ.

ಕಡಲಿಗೆ ಹೋಗುವವರು ಎರಡು ಕಡೆಯ ಮಾಹಿತಿ ನೋಡಬೇಕು. ಒಂದು, ಭಾರತೀಯ ಹವಾಮಾನ ಇಲಾಖೆಯ ಕರಾವಳಿ ಬುಲೆಟಿನ್ ಮತ್ತು ಮೀನುಗಾರರ ಎಚ್ಚರಿಕೆ. ಗಾಳಿ, ಮಳೆ, ಚಂಡಮಾರುತದ ವಿಷಯ ಇದರಲ್ಲಿ ಸಿಗುತ್ತದೆ. ಇನ್ನೊಂದು, ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ್ದು. 1999ರಲ್ಲಿ ಆರಂಭವಾದ ಇದನ್ನು ಎಲ್ಲರೂ ಇನ್‌ಕಾಯಿಸ್ ಎನ್ನುತ್ತಾರೆ. ಅಲೆಯ ಎತ್ತರ, ಅಲೆಯ ಅವಧಿ, ನೀರಿನ ಪ್ರವಾಹ ಇವನ್ನೆಲ್ಲ ಕೊಡುವುದು ಇದೇ. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ಅರ್ಧ ಮಾತು ಕೇಳಿಸಿಕೊಂಡು ಎದ್ದು ಬಂದ ಹಾಗೆ.

ಇನ್‌ಕಾಯಿಸ್ ಕೊಡುವ ಮೀನು ಸಿಗುವ ಜಾಗದ ಸೂಚನೆಯ ಬಗ್ಗೆ ಒಂದು ಮಾತು. ಸಮುದ್ರದ ಮೇಲ್ಮೈಯ ಉಷ್ಣತೆ ಮತ್ತು ನೀರಿನ ಹಸಿರಿನ ಅಂಶವನ್ನು ಉಪಗ್ರಹದಿಂದ ನೋಡಿ, ಯಾವ ಬಂದರಿನಿಂದ ಯಾವ ದಿಕ್ಕಿಗೆ ಎಷ್ಟು ದೂರ, ಎಷ್ಟು ಆಳ ಎಂದು ಅದು ತಿಳಿಸುತ್ತದೆ. ಮೀನು ಎಲ್ಲಿರಬಹುದು ಎಂಬುದಷ್ಟೇ ಅದರಲ್ಲಿರುತ್ತದೆ. ಅಲ್ಲಿಗೆ ನಿಮ್ಮ ದೋಣಿ ಹೋಗಬಹುದೇ ಎಂಬುದಕ್ಕೆ ಅಲೆಯ ಪಟ್ಟಿಯನ್ನೇ ತೆರೆಯಬೇಕು.

ಜಾಗ ಮತ್ತು ಹೊತ್ತನ್ನು ಗುರುತಿಸಿಕೊಳ್ಳಿ

ಬುಲೆಟಿನ್‌ನಲ್ಲಿ ಸಮುದ್ರವನ್ನು ತುಂಡು ತುಂಡಾಗಿ ಹೆಸರಿಸಿರುತ್ತಾರೆ. ನಮ್ಮ ಮೂರು ಕರಾವಳಿ ಜಿಲ್ಲೆಗಳ ಮುಂದೆ ಬರುವುದು ಪೂರ್ವ-ಮಧ್ಯ ಅರಬ್ಬೀ ಸಮುದ್ರ ಮತ್ತು ಆಗ್ನೇಯ ಅರಬ್ಬೀ ಸಮುದ್ರ. ಲಕ್ಷದ್ವೀಪ ಪ್ರದೇಶ, ಕನ್ಯಾಕುಮಾರಿ ಪ್ರದೇಶ ಎಂಬ ಹೆಸರುಗಳೂ ಬರುತ್ತವೆ. ಬೆಳಗ್ಗೆ ಹೋಗಿ ಮಧ್ಯಾಹ್ನ ಮರಳುವ ದೋಣಿಗೆ ‘ಕರ್ನಾಟಕ ಕರಾವಳಿ’ ಎಂಬ ಒಂದು ಸಾಲು ಸಾಕಾಗಬಹುದು. ಹತ್ತು ದಿನದ ಐಸು, ಡೀಸೆಲ್ಲು ತುಂಬಿಸಿಕೊಂಡು ಹೊರಡುವ ಆಳಸಮುದ್ರದ ಬೋಟಿಗೆ ಅದು ಏನೇನೂ ಸಾಲದು. ಐದನೆಯ ದಿನ ನೀವು ಗೋವಾದ ಮುಂದಿದ್ದೀರೋ ಲಕ್ಷದ್ವೀಪದ ಹತ್ತಿರವಿದ್ದೀರೋ, ಅಲ್ಲಿಯ ಸಾಲನ್ನು ಓದಬೇಕು.

ಇಲಾಖೆಯ ಕೆಲವು ಬುಲೆಟಿನ್‌ಗಳಲ್ಲಿ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಕೊಟ್ಟಿರುತ್ತಾರೆ. ಅದಕ್ಕೆ ಐದೂವರೆ ಗಂಟೆ ಸೇರಿಸಿ. 0300 ಯುಟಿಸಿ ಎಂದರೆ ನಮ್ಮ ಬೆಳಗಿನ 8.30. ಎಷ್ಟೋ ಸಲ ನಿನ್ನೆಯ ಬುಲೆಟಿನ್ ವಾಟ್ಸ್‌ಆ್ಯಪ್‌ನಲ್ಲಿ ಇಂದು ಸುತ್ತುತ್ತಿರುತ್ತದೆ. ಹೊರಡಿಸಿದ ಹೊತ್ತನ್ನು ನೋಡದೆ ಒಂದು ಸಾಲನ್ನೂ ನಂಬಬೇಡಿ.

ಗಾಳಿ: ಎರಡನೆಯ ಸಂಖ್ಯೆ ಮುಖ್ಯ

‘ಗಂಟೆಗೆ 35ರಿಂದ 45 ಕಿ.ಮೀ. ವೇಗದ ಗಾಳಿ, ಆಗಾಗ 55 ಕಿ.ಮೀ.ವರೆಗೆ’ ಎಂಬುದು ಮೀನುಗಾರರ ಎಚ್ಚರಿಕೆಯಲ್ಲಿ ಮತ್ತೆ ಮತ್ತೆ ಬರುವ ವಾಕ್ಯ. ಸುದ್ದಿಯಾಗಿ ನಮ್ಮನ್ನು ತಲುಪುವ ಹೊತ್ತಿಗೆ ಕೊನೆಯ ಆ 55 ಅನೇಕ ವೇಳೆ ಬಿದ್ದುಹೋಗಿರುತ್ತದೆ. ದೋಣಿಯನ್ನು ಮಗುಚುವುದು ಆ ಬೀಸುಗಾಳಿಯೇ. ಗಾಳಿಯ ಒತ್ತಡ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುವುದರಿಂದ 40ರ ಗಾಳಿಗಿಂತ 55ರ ಗಾಳಿ ಹೆಚ್ಚುಕಡಿಮೆ ಎರಡರಷ್ಟು ಬಲವಾಗಿ ತಳ್ಳುತ್ತದೆ. ವೇಗವನ್ನು ನಾಟ್‌ನಲ್ಲಿ ಕೊಟ್ಟಿದ್ದರೆ 1.85ರಿಂದ ಗುಣಿಸಿಕೊಳ್ಳಿ, 20 ನಾಟ್ ಎಂದರೆ 37 ಕಿ.ಮೀ.

ಕಣ್ಣಳತೆಯೂ ಬೇಕು. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿನೊರೆ ಕಂಡರೆ ಗಾಳಿ 12ರಿಂದ 19 ಕಿ.ಮೀ. ನೊರೆ ಮೇಲಿಂದ ಮೇಲೆ ಕಾಣತೊಡಗಿದರೆ 20 ದಾಟಿದೆ. ಇಡೀ ಕಡಲು ಬಿಳಿಚುಕ್ಕೆಯಾಗಿ ತುಂತುರು ಹಾರಲು ಶುರುವಾದರೆ 30ರ ಮೇಲಿದೆ.

ಚಳಿಗಾಲದ ಗಾಳಿಗೆ ದಿನಚರಿ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹರಿಯುತ್ತದೆ; ಅದು ಮೂಡುಗಾಳಿ. ಹೊತ್ತೇರಿದಂತೆ ನೆಲ ಕಾದು ಗಾಳಿ ತಿರುಗಿ ಪಡುವಣದಿಂದ, ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಹಾಯಿಯ ಕಾಲದಲ್ಲಿ ಮೂಡುಗಾಳಿಗೆ ಹೊರಟು ಪಡುಗಾಳಿಗೆ ಮರಳುತ್ತಿದ್ದರು. ಪಡುಗಾಳಿ ಬಲವಾಗಿರುವುದು ಮಧ್ಯಾಹ್ನ ಎರಡರಿಂದ ಐದು ಗಂಟೆಯ ನಡುವೆ. ದ್ವೀಪಕ್ಕೆ ಪ್ರವಾಸ ಹೋಗುವವರು ಮೊದಲ ದೋಣಿಗೇ ಹೋಗಿ ಊಟದ ಹೊತ್ತಿಗೆ ಮರಳಿಬಿಡಿ ಎಂದು ನಾನು ಹೇಳುವುದು ಇದಕ್ಕಾಗಿ.

ಮೂಡುಗಾಳಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಅದು ಸೌಮ್ಯವೆಂದೇ ಎಲ್ಲರ ನಂಬಿಕೆ. ದಡಕ್ಕೆ ಗುಡ್ಡ, ತೆಂಗಿನ ತೋಟಗಳ ಮರೆ ಇರುವುದರಿಂದ ಹತ್ತಿರದ ನೀರು ಶಾಂತವಾಗಿ ಕಾಣುತ್ತದೆ. ಒಂದೆರಡು ಕಿಲೋಮೀಟರು ಆಚೆ ಹೋದಾಗ ಅದೇ ಗಾಳಿಗೆ ತಡೆಯಿಲ್ಲ. ಎಂಜಿನ್ ಕೆಟ್ಟ ನಾಡದೋಣಿ, ಹುಟ್ಟು ಹಾಕುವ ಕಯಾಕ್, ಈಜುಕೊಳದ ಗಾಳಿತುಂಬಿದ ಹಾಸಿಗೆ, ಇವನ್ನೆಲ್ಲ ಅದು ಸದ್ದಿಲ್ಲದೆ ಪಡುವಣಕ್ಕೆ ಒಯ್ಯುತ್ತದೆ. ಮೂಡುಗಾಳಿ 20 ಕಿ.ಮೀ.ಗಿಂತ ಹೆಚ್ಚು ಎಂದಿದ್ದರೆ ಎಂಜಿನ್ ಇಲ್ಲದ ಯಾವುದನ್ನೂ ನೀರಿಗಿಳಿಸಬೇಡಿ. ದಪ್ಪ ಹಗ್ಗ ಮತ್ತು ಲಂಗರು ಇಲ್ಲದೆ ಎಂಜಿನ್ ದೋಣಿಯೂ ಬೇಡ.

ಇದೇ ಗಾಳಿ ಇನ್ನೊಂದು ವಿಚಿತ್ರವನ್ನೂ ಮಾಡುತ್ತದೆ. ಬೀದರ್, ವಿಜಯಪುರಗಳಲ್ಲಿ ಜನ ಬೆಂಕಿ ಕಾಯಿಸಿಕೊಳ್ಳುತ್ತಿರುವಾಗ ಹೊನ್ನಾವರ, ಕಾರವಾರ, ಮಂಗಳೂರಿನಲ್ಲಿ ದೇಶದಲ್ಲೇ ಅತಿ ಹೆಚ್ಚಿನ ಹಗಲಿನ ಉಷ್ಣತೆ ದಾಖಲಾಗುವುದುಂಟು. ಘಟ್ಟ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಮೂಡುಗಾಳಿ ಬಲವಾಗಿದ್ದರೆ ತಂಪು ತರುವ ಪಡುಗಾಳಿ ಒಳಗೆ ಬರಲು ತಡವಾಗುತ್ತದೆ. ಹಾಗಾಗಿ ಜನವರಿಯಲ್ಲಿ ಮಧ್ಯಾಹ್ನ ಹನ್ನೆರಡಾದರೂ ಗಾಳಿ ತಿರುಗದೆ ಸೆಕೆ ಹೊಡೆಯುತ್ತಿದ್ದರೆ ಆಚೆಯ ಕಡಲಿನಲ್ಲಿ ಮೂಡುಗಾಳಿ ಇನ್ನೂ ಜೋರಾಗಿದೆ ಎಂದು ಲೆಕ್ಕ ಹಾಕಿ.

ಅಲೆ: ಎತ್ತರ ಓದಿ, ಆಮೇಲೆ ಸೆಕೆಂಡು ಓದಿ

ಮುನ್ಸೂಚನೆಯಲ್ಲಿ ‘ಅಲೆಯ ಎತ್ತರ 2 ಮೀಟರ್’ ಎಂದಿದ್ದರೆ ಎಲ್ಲ ಅಲೆಗಳೂ ಎರಡು ಮೀಟರ್ ಇರುತ್ತವೆ ಎಂದಲ್ಲ. ಬರುವ ಅಲೆಗಳಲ್ಲಿ ದೊಡ್ಡದಾದ ಮೂರನೆಯ ಒಂದು ಪಾಲನ್ನು ಮಾತ್ರ ತೆಗೆದುಕೊಂಡು ಅದರ ಸರಾಸರಿ ಹೇಳುವುದು ಪದ್ಧತಿ. ಕೆಲವು ಗಂಟೆ ಕಡಲಲ್ಲಿದ್ದರೆ ಅದರ ಎರಡರಷ್ಟಕ್ಕೆ ಹತ್ತಿರದ ಅಲೆಯೊಂದು ಬಂದೇ ಬರುತ್ತದೆ. 2 ಮೀಟರ್ ಎಂದು ಓದಿದಾಗ ಮೂರೂವರೆ, ನಾಲ್ಕು ಮೀಟರಿನ ಅಲೆಗೆ ನಿಮ್ಮ ದೋಣಿ ತಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಸಂಖ್ಯೆಯ ಬದಲು ಪದ ಬಳಸಿದ್ದರೆ ಲೆಕ್ಕ ಹೀಗೆ: ಸ್ಲೈಟ್ ಎಂದರೆ ಅರ್ಧದಿಂದ ಒಂದೂಕಾಲು ಮೀಟರ್, ಮಾಡರೇಟ್ ಎಂದರೆ ಎರಡೂವರೆಯವರೆಗೆ, ರಫ್ ಎಂದರೆ ನಾಲ್ಕರವರೆಗೆ, ವೆರಿ ರಫ್ ಎಂದರೆ ಆರರವರೆಗೆ.

ಎತ್ತರದ ಪಕ್ಕದಲ್ಲಿ ಸೆಕೆಂಡಿನ ಲೆಕ್ಕವಿರುತ್ತದೆ. ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನದು ಬರಲು ಹಿಡಿಯುವ ಹೊತ್ತು ಅದು. ಚಳಿಗಾಲದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಸಂಖ್ಯೆ ಇದು. ಇಲ್ಲಿಯ ಗಾಳಿಯೇ ಎಬ್ಬಿಸಿದ ಅಲೆ ನಾಲ್ಕೈದು ಸೆಕೆಂಡಿನದು. ಗಾಳಿ ನಿಂತರೆ ಅದೂ ತಣ್ಣಗಾಗುತ್ತದೆ. ಆರರಿಂದ ಎಂಟು ಸೆಕೆಂಡಿನ, ವಾಯವ್ಯದಿಂದ ಬರುವ ಅಲೆ ಬೇರೆಯದೇ ಜಾತಿ. ಅದರ ಮೂಲ ಶಮಾಲ್ ಗಾಳಿ. ಕುವೈತ್, ಬಹ್ರೇನ್, ದುಬೈಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಮಕ್ಕಳಿಗೆ ಆ ಹೆಸರು ಚೆನ್ನಾಗಿ ಗೊತ್ತು: ಕಿಟಕಿ ಮುಚ್ಚಿದರೂ ಮನೆಯೊಳಗೆ ಧೂಳು ತುಂಬುವ ದಿನ. ಆ ಗಾಳಿ ಎಬ್ಬಿಸಿದ ಅಲೆ ಅರಬ್ಬೀ ಸಮುದ್ರವನ್ನು ದಾಟಿ, ಕೆಲವು ದಿನಗಳ ಮೇಲೆ ಅವರ ತಾಯಂದಿರು ನಿಂತ ದಡಕ್ಕೆ ಬಂದು ಬಡಿಯುತ್ತದೆ. ಮಗ ಫೋನಿನಲ್ಲಿ ‘ಇಲ್ಲಿ ವಿಪರೀತ ಗಾಳಿ, ಧೂಳು’ ಎಂದನೆಂದರೆ ಈಚೆಯವರು ಮುಂದಿನ ಮೂರು ನಾಲ್ಕು ದಿನದ ಅಲೆಯ ಪಟ್ಟಿ ತೆರೆದು ನೋಡುವುದು ಒಳ್ಳೆಯದು.

ಹನ್ನೆರಡು ಸೆಕೆಂಡು ಮೀರಿದ, ನೈರುತ್ಯದಿಂದ ಬರುವ ಅಲೆ ದಕ್ಷಿಣ ಹಿಂದೂ ಮಹಾಸಾಗರದಿಂದ ಬಂದದ್ದು. 14 ಸೆಕೆಂಡಿನ ಅಲೆಗಳ ಗುಂಪು ದಿನಕ್ಕೆ ಸುಮಾರು 900 ಕಿ.ಮೀ. ಸಾಗುತ್ತದೆ, ವಾರಕ್ಕೂ ಹೆಚ್ಚು ಪ್ರಯಾಣಿಸಿ ನಮ್ಮಲ್ಲಿಗೆ ತಲುಪುತ್ತದೆ. ಕೇರಳದವರು ಕಳ್ಳಕ್ಕಡಲ್ ಎನ್ನುವ, ಕಳ್ಳನಂತೆ ದಡದೊಳಕ್ಕೆ ನುಗ್ಗುವ ನೀರು ಈ ಅಲೆಯದ್ದೇ. ಅದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಹಾವಳಿ, ಆದರೆ ಬೇರೆ ತಿಂಗಳು ಬಾರದು ಎಂದೇನಿಲ್ಲ. ಆಳದ ನೀರಿನಲ್ಲಿ ಇದು ದೋಣಿಯನ್ನು ನಿಧಾನವಾಗಿ ಎತ್ತಿ ಇಳಿಸುತ್ತದೆ, ಹೆದರಿಸುವುದಿಲ್ಲ. ತೊಂದರೆ ಕೊಡುವುದು ಆಳ ಕಡಿಮೆಯಾದಾಗ. ಕಡಲಿನಲ್ಲಿ ಒಂದು ಮೀಟರ್ ಇರುವ 6 ಸೆಕೆಂಡಿನ ಅಲೆ ದಡದಲ್ಲಿ ಮುರಿಯುವ ಹೊತ್ತಿಗೆ ಸುಮಾರು ಒಂದೂಕಾಲು ಮೀಟರ್ ಆಗುತ್ತದೆ. ಅಷ್ಟೇ ಎತ್ತರದ 14 ಸೆಕೆಂಡಿನ ಅಲೆ ಒಂದೂಮುಕ್ಕಾಲು ಮೀಟರಿನ ಹತ್ತಿರಕ್ಕೆ ಏಳುತ್ತದೆ.

ಇದನ್ನು ನೀವೇ ಅಳೆಯಬಹುದು. ತಡೆಗೋಡೆಯ ಮೇಲೆ ನಿಂತು ನೀರಿನಲ್ಲಿರುವ ಒಂದು ಬಂಡೆಯನ್ನೋ ತೇಲುಬುರುಡೆಯನ್ನೋ ಗುರುತು ಮಾಡಿಕೊಳ್ಳಿ. ಮೊದಲ ನೆತ್ತಿ ಅದನ್ನು ಮುಟ್ಟಿದಾಗ ಮೊಬೈಲಿನ ಗಡಿಯಾರ ಶುರು ಮಾಡಿ, ಹನ್ನೊಂದನೆಯ ನೆತ್ತಿಗೆ ನಿಲ್ಲಿಸಿ, ಬಂದ ಸೆಕೆಂಡನ್ನು ಹತ್ತರಿಂದ ಭಾಗಿಸಿ. ಒಂದು ನಿಮಿಷವಾದರೆ ಆರು ಸೆಕೆಂಡಿನ ಅಲೆ. ಎರಡು ನಿಮಿಷ ದಾಟಿದರೆ ಹನ್ನೆರಡು ಮೀರಿತು. ನೀರು ಎಷ್ಟೇ ನುಣ್ಣಗೆ ಕಾಣಲಿ, ಆ ದಿನ ನಾನು ಯಾರನ್ನೂ ಬಂಡೆಯ ತುದಿಗೆ ಹೋಗಲು ಬಿಡುವುದಿಲ್ಲ. ಉದ್ದ ಅವಧಿಯ ಅಲೆಗಳು ಗುಂಪಾಗಿ ಬರುತ್ತವೆ. ಹತ್ತು ನಿಮಿಷ ಏನೂ ಇಲ್ಲ, ಆಮೇಲೆ ಒಂದರ ಹಿಂದೊಂದು ನಾಲ್ಕೈದು ದೊಡ್ಡವು. ಡಿಸೆಂಬರ್ ಶಾಲಾ ಪ್ರವಾಸಗಳ ತಿಂಗಳು. ಬಸ್ಸಿನಿಂದ ಇಳಿದ ಮಕ್ಕಳು ನೀರಿಗೆ ಓಡುವ ಮೊದಲು ಹದಿನೈದು ನಿಮಿಷ ದಡದಲ್ಲಿ ಕೂರಿಸಿ ಅಲೆ ನೋಡಿಸಿ. ಅವರು ಕೂರುವುದಿಲ್ಲ ಎಂದು ಗೊತ್ತು, ಆದರೂ ಕೂರಿಸಿ. ಎರಡು ನೊರೆಸಾಲುಗಳ ನಡುವೆ ನೊರೆಯೇ ಇಲ್ಲದೆ ಕದಡಿದ ನೀರಿನ ಪಟ್ಟಿ ಕಂಡರೆ ಅದು ಒಳಗಿನಿಂದ ಕಡಲಿಗೆ ಎಳೆಯುವ ಹರಿವು. ಆಟಕ್ಕೆ ಅನುಕೂಲವೆಂದು ಜನ ಆರಿಸಿಕೊಳ್ಳುವುದು ಬಹುಮಟ್ಟಿಗೆ ಆ ಜಾಗವನ್ನೇ.

ಅಳಿವೆ ಬಾಗಿಲು

ದೋಣಿಗಳು ಆಪತ್ತಿಗೆ ಸಿಲುಕುವ ಮುಖ್ಯ ಜಾಗಗಳಲ್ಲಿ ಒಂದು ಮನೆಯ ಹೊಸ್ತಿಲಿನಂತಿರುವ ಅಳಿವೆ. ನದಿ ತಂದ ಹೂಳು ದಿಬ್ಬವಾಗಿ ಕುಳಿತಿರುತ್ತದೆ, ಅಲ್ಲಿ ಆಳ ಒಂದೆರಡು ಮಾರು ಇದ್ದರೆ ಹೆಚ್ಚು. ಇಳಿತದಲ್ಲಿ ನದಿಯ ನೀರು ಹೊರಗೆ ನುಗ್ಗುತ್ತಿರುವಾಗ ಎದುರಿನಿಂದ ಉದ್ದದ ಅಲೆ ಬಂದರೆ ಎರಡೂ ಢಿಕ್ಕಿಯಾಗಿ ಅಲೆ ಗೋಡೆಯಂತೆ ಎದ್ದು ನಿಲ್ಲುತ್ತದೆ.

ಆದ್ದರಿಂದ ಅಲೆಯ ಪಟ್ಟಿಯ ಜೊತೆ ಉಬ್ಬರ ಇಳಿತದ ವೇಳೆಯನ್ನು ಇಟ್ಟು ನೋಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ಚಿಕ್ಕ ದೋಣಿಗೆ ನಾನು ಹಾಕಿಕೊಂಡ ನಿಯಮ: ಅಲೆ ಒಂದೂವರೆ ಮೀಟರ್, ಅವಧಿ ಹನ್ನೆರಡು ಸೆಕೆಂಡು, ಇವೆರಡೂ ಒಟ್ಟಿಗೆ ಮೀರಿದರೆ ಇಳಿತದಲ್ಲಿ ಅಳಿವೆ ದಾಟುವುದಿಲ್ಲ. ಹೊರಗಿದ್ದರೆ ಉಬ್ಬರಕ್ಕಾಗಿ ಹೊರಗೇ ಕಾಯುವುದು. ಡೀಸೆಲ್ ಖರ್ಚಾಗುತ್ತದೆ, ಮೀನಿನ ಏಲಂ ತಪ್ಪುತ್ತದೆ, ಆಗಲಿ.

ಪ್ರವಾಹದ ವಿಷಯ ಚುಟುಕಾಗಿ ಹೇಳುತ್ತೇನೆ. ಗಾಳಿಯನ್ನು ಅದು ಬರುವ ದಿಕ್ಕಿನಿಂದ ಹೆಸರಿಸುತ್ತಾರೆ, ನೀರಿನ ಪ್ರವಾಹವನ್ನು ಅದು ಹೋಗುವ ದಿಕ್ಕಿನಿಂದ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಪ್ರವಾಹ ಬಡಗು ದಿಕ್ಕಿಗೆ ಹರಿಯುತ್ತದೆ, ವಾಯವ್ಯದ ಗಾಳಿಗೆ ಎದುರಾಗಿ. ಬಿಟ್ಟ ಬಲೆಯನ್ನು ಗಾಳಿಯ ದಿಕ್ಕು ನೋಡಿ ತೆಂಕಣದಲ್ಲಿ ಹುಡುಕಿದರೆ ಅದು ಬಡಗಣದಲ್ಲಿ ಸಿಕ್ಕೀತು.

ಜನವರಿಯವರೆಗೆ ಬಂಗಾಳ ಕೊಲ್ಲಿಯ ಮೇಲೂ ಕಣ್ಣಿಡಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಚಳಿಗಾಲ ಎಂದರೆ ಜನವರಿ, ಫೆಬ್ರವರಿ. ಡಿಸೆಂಬರ್ ಇನ್ನೂ ಹಿಂಗಾರಿನ ತಿಂಗಳು, ಚಂಡಮಾರುತಗಳ ತಿಂಗಳು. 2017ರ ನವೆಂಬರ್ 29ರಂದು ಶ್ರೀಲಂಕಾದ ಹತ್ತಿರ ವಾಯುಭಾರ ಕುಸಿತವಾಗಿದ್ದದ್ದು ಮರುದಿನವೇ ಕನ್ಯಾಕುಮಾರಿಯ ಬಳಿ ಓಖಿ ಚಂಡಮಾರುತವಾಯಿತು. ಅದಕ್ಕೂ ಮೊದಲೇ ಹೊರಟಿದ್ದ ಕೇರಳ, ತಮಿಳುನಾಡಿನ ದೋಣಿಗಳು ಮೊಬೈಲ್ ಸಿಗ್ನಲ್ ದಾಟಿ ಹೋಗಿದ್ದವು. ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ಬಹಳ ಜನ ಮರಳಲಿಲ್ಲ. ಬದುಕುಳಿದ ಹತ್ತಾರು ದೋಣಿಗಳು ತೇಲುತ್ತ ಮಹಾರಾಷ್ಟ್ರದ ದೇವಗಡ ಬಂದರು ಸೇರಿದವು. 2024ರ ನವೆಂಬರ್ ಕೊನೆಗೆ ಪುದುಚೇರಿಯ ಬಳಿ ನೆಲ ಮುಟ್ಟಿದ ಫೆಂಗಲ್ ಕಥೆ ಇನ್ನೊಂದು ಬಗೆಯದು. ಅದು ದುರ್ಬಲವಾಗಿ ಪರ್ಯಾಯ ದ್ವೀಪವನ್ನೇ ಅಡ್ಡಲಾಗಿ ದಾಟಿ ಡಿಸೆಂಬರ್ 3ರಂದು ನಮ್ಮ ಕರಾವಳಿಯ ಮುಂದಿನ ಸಮುದ್ರಕ್ಕೆ ಇಳಿಯಿತು, ದಕ್ಷಿಣ ಕನ್ನಡದಲ್ಲಿ ಭಾರೀ ಮಳೆ ಸುರಿಯಿತು. ‘ಅದು ಚೆನ್ನೈ ಕಡೆಯ ಚಂಡಮಾರುತ, ನಮಗೇನು’ ಎನ್ನುವ ಮಾತನ್ನು ನಾನು ಅಂದಿನಿಂದ ಆಡುವುದಿಲ್ಲ.

ಇಲಾಖೆ ಪ್ರತಿ ಗುರುವಾರ ಮುಂದಿನ ಎರಡು ವಾರಗಳಲ್ಲಿ ಚಂಡಮಾರುತ ಹುಟ್ಟುವ ಸಾಧ್ಯತೆ ಎಷ್ಟಿದೆ ಎಂಬ ಸೂಚನೆ ಕೊಡುತ್ತದೆ. ಹತ್ತು ದಿನಕ್ಕೆ ಹೊರಡುವ ಬೋಟು ನಡೆಸುವ ತಾಂಡೇಲರು ಅದನ್ನು ಓದಿಯೇ ಐಸು ತುಂಬಿಸಲಿ. ಗಾಳಿ ಗಂಟೆಗೆ 31ರಿಂದ 50 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 61ರವರೆಗೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ ಮತ್ತು ಅದಕ್ಕೊಂದು ಹೆಸರು. ಹೆಸರು ಬರುವವರೆಗೆ ಕಾಯಬೇಡಿ. ಬಂದರಿನಲ್ಲಿ ಏರಿಸುವ ಸಂಕೇತಗಳಲ್ಲಿ 1 ಮತ್ತು 2 ದೂರದ ಕಡಲಿನ ತೂಫಾನಿಗೆ, 3 ಮತ್ತು 4 ಬಂದರಿಗೇ ಬಿರುಗಾಳಿಯ ಬೆದರಿಕೆ ಇದೆ ಎಂಬುದಕ್ಕೆ, 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. 11 ಎಂದರೆ ಎಚ್ಚರಿಕೆ ಕೇಂದ್ರದ ಜೊತೆ ಸಂಪರ್ಕವೇ ಕಡಿದಿದೆ ಎಂದು.

ದಡದಲ್ಲಿರುವವರಿಗೆ

ಒಣಮೀನಿನ ಕೆಲಸಕ್ಕೆ ಚಳಿಗಾಲವೇ ಸುಗ್ಗಿ. ನಮ್ಮ ನೆರೆಮನೆಯವರು ಒಂದು ಡಿಸೆಂಬರಿನಲ್ಲಿ ‘ಒಂದೆರಡು ಕಡೆ ಮಳೆ’ ಎಂಬುದನ್ನು ‘ಹನಿಮಳೆ’ ಎಂದು ತಿಳಿದು ಅಂಗಳದ ತುಂಬ ಬೂತಾಯಿ ಹರಡಿ ಮದುವೆಗೆ ಹೋದರು. ಮರಳುವಾಗ ಚಾಪೆಗಳ ಮೇಲೆ ಬೆರಳುದ್ದ ನೀರು ನಿಂತಿತ್ತು. ಎರಡು ದಿನದ ಉಪ್ಪು, ಬಿಸಿಲು, ದುಡಿಮೆ ಚರಂಡಿಗೆ ಹೋಯಿತು. ಆ ಮಾತು ಹೇಳುವುದು ಮಳೆ ಎಷ್ಟು ಕಡೆ ಬೀಳುತ್ತದೆ ಎಂಬುದನ್ನು. ಇಲಾಖೆಯ ಮಾಪನ ಕೇಂದ್ರಗಳಲ್ಲಿ ಕಾಲು ಪಾಲಿಗೆ ಮೀರದಷ್ಟು ಕಡೆ. ಬಿದ್ದ ಕಡೆ ಅದು ಜಡಿಮಳೆಯೇ ಆಗಿರಬಹುದು. ‘ಕೆಲವು ಕಡೆ’ ಅರ್ಧದವರೆಗೆ, ‘ಹಲವು ಕಡೆ’ ಮುಕ್ಕಾಲಿನವರೆಗೆ, ಅದಕ್ಕೂ ಹೆಚ್ಚಾದರೆ ‘ಬಹುತೇಕ ಕಡೆ’. ಮಳೆಯಿಲ್ಲದ ರಾತ್ರಿಯೂ ಆಕಾಶ ಶುಭ್ರವಾಗಿದ್ದು ಗಾಳಿ ನಿಂತಿದ್ದರೆ ಇಬ್ಬನಿ ಸುರಿಯುತ್ತದೆ, ಸಂಜೆ ಆರಕ್ಕೆ ಮೊದಲೇ ಮೀನನ್ನು ಮುಚ್ಚಿಡಿ.

ಬೆಂಗಳೂರಿನಿಂದ ರಾತ್ರಿ ಹೊರಟು ಕರಾವಳಿಗೆ ಬರುವವರು ಮಂಜಿನ ಸಾಲನ್ನೂ ನೋಡಿ. ದಟ್ಟ ಮಂಜು ಎಂದರೆ 200 ಮೀಟರಿನಾಚೆ ಏನೂ ಕಾಣದು, ಅತಿ ದಟ್ಟ ಎಂದರೆ 50 ಮೀಟರ್ ಕೂಡ ಕಾಣದು. ಚಾರ್ಮಾಡಿ, ಆಗುಂಬೆಯ ತಿರುವುಗಳನ್ನು ಸೂರ್ಯ ಮೇಲೇರಿದ ಮೇಲೆ ಇಳಿಯಿರಿ.

ಹೊರಡುವ ಮುನ್ನ

ಹಿಂದಿನ ಸಂಜೆ ಒಮ್ಮೆ ಓದಿ, ಹೊರಡುವ ಮುನ್ನ ಇನ್ನೊಮ್ಮೆ ಓದಿ. ಎರಡರಲ್ಲಿ ವ್ಯತ್ಯಾಸವಿದ್ದರೆ ಹೊಸದನ್ನೇ ನಂಬಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ, ಎಷ್ಟು ಜನ ಇದ್ದೀರಿ ಎಂಬುದನ್ನು ದಡದಲ್ಲಿ ಒಬ್ಬರ ಬಳಿ ಬರೆದಿಡಿ. ಲೈಫ್ ಜಾಕೆಟ್ ಮೈಮೇಲಿರಲಿ. ಎಂಜಿನ್ ಕೋಣೆಯಲ್ಲಿ ಕಟ್ಟಿಟ್ಟದ್ದು ಯಾರನ್ನೂ ತೇಲಿಸುವುದಿಲ್ಲ. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ ಇದ್ದರೆ ಆಪತ್ತಿನ ಕರೆಯ 16ನೇ ಚಾನಲ್ ತೆರೆದಿರಲಿ. ಮೊಬೈಲ್ ಸಿಗುವಷ್ಟು ದೂರದಲ್ಲಿದ್ದರೆ ಕರೆಯಬೇಕಾದ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಪೊಲೀಸರ 1093 ಸಂಖ್ಯೆಗಳನ್ನು ದೋಣಿಯ ಹಲಗೆಯ ಮೇಲೆ ಬಣ್ಣದಲ್ಲೇ ಬರೆಯಿರಿ, ಏಕೆಂದರೆ ನೆನೆದ ಕೈಗೆ ಫೋನಿನೊಳಗೆ ಸಂಖ್ಯೆ ಹುಡುಕಲಾಗುವುದಿಲ್ಲ.

ಕೊನೆಯ ಕೆಲಸ ಒಂದು ನೋಟ್‌ಬುಕ್ ಇಡುವುದು. ಎಡಗಡೆ ಮುನ್ಸೂಚನೆ ಹೇಳಿದ್ದು, ಬಲಗಡೆ ಕಣ್ಣಾರೆ ಕಂಡದ್ದು. ಒಂದೇ ಚಳಿಗಾಲ ಬರೆದರೂ ನಿಮ್ಮ ಅಳಿವೆಯಲ್ಲಿ ಯಾವ ಸಂಖ್ಯೆ ಏನು ಮಾಡುತ್ತದೆ ಎಂಬುದು ತಿಳಿಯುತ್ತದೆ. ಕಳೆದ ಚಳಿಗಾಲದ ನನ್ನ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ. ಎಡಕ್ಕೆ: ‘ಗಾಳಿ ಮೂಡು, 15. ಅಲೆ 1 ಮೀಟರ್, 13 ಸೆಕೆಂಡು, ನೈರುತ್ಯ.’ ಬಲಕ್ಕೆ: ‘ಏಳು ಗಂಟೆಗೆ ನೀರು ಕನ್ನಡಿ. ಏಳೂ ಇಪ್ಪತ್ತಕ್ಕೆ ಐದು ಅಲೆ ಒಟ್ಟಿಗೆ ಬಂದವು, ನಾಲ್ಕನೆಯದು ತಡೆಗೋಡೆ ಹತ್ತಿ ಚಪ್ಪಲಿ ಒಯ್ದಿತು. ಇಳಿತದ ಹೊತ್ತು. ಎರಡು ದೋಣಿಗಳವರು ಹೊರಗೆ ಕಾಯುತ್ತಿದ್ದರು, ಹತ್ತೂವರೆಗೆ ಒಳಗೆ ಬಂದರು.’